ಗಂಟು ಮದ್ದಿಗೆ ಬಗ್ಗದಿದ್ದರೆ: ಚರ್ಮದ ಆಳಕ್ಕಿಳಿದ ಫಂಗಸ್ ಪತ್ತೆ ಮಾಡುವ ಬಗೆ

ಕೈಯಲ್ಲೋ ಕಾಲಲ್ಲೋ ಒಂದು ಗಂಟು ಎದ್ದಿದೆ. ಜ್ವರ ಇಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಆ್ಯಂಟಿಬಯೋಟಿಕ್ ಎರಡು ಕೋರ್ಸ್ ಮುಗಿಯಿತು. ಮೂರು ಬಗೆಯ ಮುಲಾಮು ಹಚ್ಚಿ ಆಯಿತು. ಗಂಟು ಮಾತ್ರ ಅಲ್ಲೇ ಇದೆ, ಸ್ವಲ್ಪ ಬೆಳೆದೂ ಇದೆ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನ್ನ ಬಳಿ ಬರುವ ತೋಟದ ಜನರಲ್ಲಿ ಇಂಥವರು ವರ್ಷಕ್ಕೆ ಕೆಲವರಾದರೂ ಇರುತ್ತಾರೆ. ನಾನು ಚರ್ಮದ ಡಾಕ್ಟರು. ಈ ಬರಹ ಅಂಥವರಿಗೆ, ಮತ್ತು ಅವರನ್ನು ಎಲ್ಲರಿಗಿಂತ ಮೊದಲು ನೋಡುವ ಊರಿನ ಡಾಕ್ಟರಿಗೆ, ನರ್ಸಿಗೆ, ಆಶಾ ಕಾರ್ಯಕರ್ತೆಗೆ.

ನಾನು ಪಾಲಿಸುವ ಲೆಕ್ಕ ಇದು: ನಾಲ್ಕು ವಾರ ಸರಿಯಾಗಿ ಮದ್ದು ಮಾಡಿಯೂ ಗಾಯ ಮಾಯದಿದ್ದರೆ ಐದನೇ ಮುಲಾಮು ಬರೆಯಬಾರದು. ಚೂರು ಮಾಂಸ ತೆಗೆದು ಎರಡು ಬಾಟಲಿಗೆ ಹಾಕಿ ಪರೀಕ್ಷೆಗೆ ಕಳಿಸಬೇಕು. ಒಂದಲ್ಲ, ಎರಡು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಕಾಯಲೇಬಾರದ ಸಂದರ್ಭಗಳು

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಗಾಯ ಒಂದೆರಡು ದಿನದಲ್ಲೇ ಕಪ್ಪಾಗಿ ಹರಡುತ್ತಾ ಹೋದರೆ ಈ ಬರಹ ಬದಿಗಿಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಮ್ಯೂಕರ್ ಎಂಬ ಫಂಗಸ್ ಆಗಿರಬಹುದು. ಅದಕ್ಕೆ ಸತ್ತ ಭಾಗ ಕತ್ತರಿಸಿ ತೆಗೆಯಬೇಕು, ಆಂಫೊಟೆರಿಸಿನ್ ಎಂಬ ಫಂಗಸ್ ಮದ್ದು ರಕ್ತನಾಳಕ್ಕೆ ಹೋಗಬೇಕು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದು ಎಲ್ಲರ ಬಾಯಲ್ಲೂ ‘ಕಪ್ಪು ಫಂಗಸ್’ ಆಗಿದ್ದು ಇದೇ. ನಿಜ ಹೇಳಬೇಕೆಂದರೆ ಆ ಫಂಗಸ್ ಕಪ್ಪಲ್ಲ. ಅದು ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯದಂತೆ ಮಾಡುವುದರಿಂದ ಮಾಂಸ ಸತ್ತು ಕಪ್ಪಾಗುತ್ತದೆ.

ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ತುಂಬ ಕಾಲದಿಂದ ಸ್ಟಿರಾಯ್ಡ್ ಮಾತ್ರೆ ನುಂಗುವವರು: ಇವರಿಗೆ ಮುಖ, ಮೈಮೇಲೆ ನಡುವೆ ಕುಳಿ ಬಿದ್ದ ಸಣ್ಣ ಗುಳ್ಳೆಗಳು ಎದ್ದು ಜೊತೆಗೆ ಜ್ವರ, ತಲೆನೋವು, ಕೆಮ್ಮು ಇದ್ದರೂ ಅದೇ ಮಾತು. ಫಂಗಸ್ ಮಿದುಳಿಗೋ ಶ್ವಾಸಕೋಶಕ್ಕೋ ತಲುಪಿರಬಹುದು, ಚರ್ಮದಲ್ಲಿ ಕಂಡದ್ದು ಅದರ ತುದಿ ಮಾತ್ರ.

ಮುಂದೆ ಹೇಳುವುದೆಲ್ಲ ನಿಧಾನವಾಗಿ ಬೆಳೆಯುವ ಬಗೆಯ ಬಗ್ಗೆ.

“ಮುಳ್ಳಾ? ಅದು ದಿನಾ ತಾಗ್ತದೆ”

ಗಜಕರ್ಣ, ಹುಳುಕಡ್ಡಿ ತರುವ ಫಂಗಸ್ ಚರ್ಮದ ಮೇಲ್ಪದರ, ಕೂದಲು, ಉಗುರಲ್ಲಿ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಆಳದ ಫಂಗಸ್ ಹಾಗಲ್ಲ. ಅದು ಮಣ್ಣಲ್ಲಿ, ಕೊಳೆತ ಸೊಪ್ಪಲ್ಲಿ, ಹಳೆಯ ಮರದ ತುಂಡಲ್ಲಿ, ಮುಳ್ಳಿನ ತುದಿಯಲ್ಲಿ ಇರುತ್ತದೆ. ಚುಚ್ಚಿದಾಗ ಚರ್ಮ ದಾಟಿ ಒಳಗೆ ಇಳಿಯುತ್ತದೆ. ಹೀಗಾಗಿ ಮನೆಯವರಿಗೆ ಅಂಟುತ್ತದೆ ಎಂಬ ಹೆದರಿಕೆ ಬೇಡ. ಬೇರೆ ತಟ್ಟೆ, ಬೇರೆ ಚಾಪೆ ಏನೂ ಬೇಕಾಗಿಲ್ಲ.

ಮುಳ್ಳು ತಾಗಿತ್ತಾ ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. “ಅದು ದಿನಾ ತಾಗ್ತದೆ ಡಾಕ್ಟ್ರೆ” ಅನ್ನುತ್ತಾರೆ. ಹೌದಲ್ವಾ, ಬರಿಗಾಲಲ್ಲಿ ತೋಟಕ್ಕಿಳಿಯುವವರು ಯಾವ ಮುಳ್ಳನ್ನು ನೆನಪಿಟ್ಟುಕೊಳ್ಳಬೇಕು? ಅದಕ್ಕೆ ನಾನು ಕೆಲಸ ಕೇಳುತ್ತೇನೆ. “ಅಜ್ಜ, ಗಂಟು ಏಳುವ ಮೊದಲು ಎಂತ ಕೆಲಸ ಮಾಡಿದ್ರಿ? ಸೊಪ್ಪು ತರ್ಲಿಕ್ಕೆ ಗುಡ್ಡೆಗೆ ಹೋಗಿದ್ರಾ? ಬೇಲಿ ಕಟ್ಟಿದ್ರಾ? ಬಿದ್ದ ಸೋಗೆ ಎಳೆದು ಹಾಕಿದ್ರಾ? ಸುರಂಗದ ಮಣ್ಣು ತೆಗೆದ್ರಾ?” ಆಗ ನೆನಪು ಬಿಚ್ಚಿಕೊಳ್ಳುತ್ತದೆ. ಮುರಕಲ್ಲಿನ ಪಣೆಯಲ್ಲಿ (ಕಲ್ಲಿನ ಕೋರೆಯಲ್ಲಿ) ದುಡಿಯುವವರನ್ನು ಕಾಲಿಗೆ ಕಲ್ಲಿನ ಚೂರು ತಾಗಿತ್ತಾ ಅಂತ ಕೇಳಬೇಕು. ಕುಂಬಳೆ, ಮಂಜೇಶ್ವರದ ಕಡಲ ಬದಿಯವರನ್ನು ಮೀನಿನ ಮುಳ್ಳು ಚುಚ್ಚಿತ್ತಾ ಅಂತ ಕೇಳಲೇಬೇಕು. ಅದರ ಕಾರಣ ಸ್ವಲ್ಪ ಹೊತ್ತಲ್ಲೇ ಬರುತ್ತದೆ.

ಗಂಟುಗಳು ಸಾಲಾಗಿ ಎದ್ದಿದ್ದರೆ

ಬೆರಳಲ್ಲಿ ಒಂದು ಗುಳ್ಳೆ. ಒಡೆದು ಹುಣ್ಣಾಗುತ್ತದೆ. ಆಮೇಲೆ ಮಣಿಕಟ್ಟು, ಮುಂಗೈ, ಮೊಣಕೈ ದಾರಿಯಲ್ಲಿ ಒಂದರ ಮೇಲೊಂದು ಗಂಟು, ದಾರದಲ್ಲಿ ಮಣಿ ಪೋಣಿಸಿದ ಹಾಗೆ. ಈ ಚಿತ್ರ ಕಂಡರೆ ಮೊದಲ ಗುಮಾನಿ ಸ್ಪೊರೊಟ್ರಿಕೋಸಿಸ್ ಎಂಬ ಫಂಗಸ್ ರೋಗ. ಚುಚ್ಚಿದ 1ರಿಂದ 12 ವಾರದೊಳಗೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. 1898ರಲ್ಲಿ ಅಮೆರಿಕದಲ್ಲಿ ಬೆಂಜಮಿನ್ ಶೆಂಕ್ ಎಂಬವರು ಇದನ್ನು ಮೊದಲು ವಿವರಿಸಿದರು. ಭಾರತದಲ್ಲಿ ಹಿಮಾಲಯದ ತಪ್ಪಲಲ್ಲಿ ಜಾಸ್ತಿ. ಹಾಗಂತ ನಮ್ಮ ಕಡೆ ಇಲ್ಲವೆಂದಲ್ಲ.

ಇದರಲ್ಲಿ ಒಂದು ಮೋಸ ಇದೆ. ಸ್ಲೈಡಿನಲ್ಲಿ ನೋಡಿದರೆ ಈ ಫಂಗಸ್ ಹೆಚ್ಚಾಗಿ ಕಾಣುವುದೇ ಇಲ್ಲ, ಅಷ್ಟು ಕಡಿಮೆ ಇರುತ್ತದೆ. ಸ್ಲೈಡಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಕೈಬಿಡಬಾರದು. ಕಲ್ಚರ್‌ನಲ್ಲಿ (ಚೂರನ್ನು ಲ್ಯಾಬಿನಲ್ಲಿ ಇಟ್ಟು ಬೆಳೆಸಿ ನೋಡುವ ಪರೀಕ್ಷೆ) ಒಂದೆರಡು ವಾರದಲ್ಲಿ ಬೆಳೆದು ಬರುತ್ತದೆ. ಕೋಣೆಯ ತಂಪಿನಲ್ಲಿ ಬೂಸ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆಯುವ ಇದೇ ಫಂಗಸ್, 37 ಡಿಗ್ರಿಯಲ್ಲಿ ಇಟ್ಟರೆ ಯೀಸ್ಟ್ ಆಗಿ ಬದಲಾಗುತ್ತದೆ. ಲ್ಯಾಬಿನವರು ಅದನ್ನು ಗುರುತಿಸುವುದೇ ಈ ಎರಡು ರೂಪದಿಂದ.

ಸಾಲು ಗಂಟು ತರುವ ಇನ್ನಿಬ್ಬರು ಇದ್ದಾರೆ. ಒಂದು, ಮೀನಿನ ಮುಳ್ಳಿಂದಲೋ ಮೀನು ಸಾಕುವ ಟ್ಯಾಂಕಿನ ನೀರಿಂದಲೋ ಬರುವ ಮೈಕೊಬ್ಯಾಕ್ಟೀರಿಯಂ ಮರೈನಮ್. ಇದು ಕ್ಷಯದ ಬ್ಯಾಕ್ಟೀರಿಯಾಕ್ಕೆ ನೆಂಟ. ಇನ್ನೊಂದು, ಮಣ್ಣಿನ ನೊಕಾರ್ಡಿಯಾ. ಎರಡೂ ಫಂಗಸ್ ಅಲ್ಲ, ಎರಡಕ್ಕೂ ಫಂಗಸ್ ಮದ್ದು ನಾಟುವುದಿಲ್ಲ. ಮೀನಿನ ಪ್ರಶ್ನೆ ಇದಕ್ಕಾಗಿ.

ನರಹುಲಿಯಂತೆ ಒರಟಾಗಿ ಬೆಳೆದಿದ್ದರೆ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಮ್ಮ ಕಡೆ ತಪ್ಪುವುದು ಇಲ್ಲೇ ಜಾಸ್ತಿ.

ಪೆರ್ಲ ಕಡೆಯ ಒಬ್ಬರು ಅಡಿಕೆ ಕೃಷಿಕರು, ಅರುವತ್ತು ದಾಟಿದವರು, ಎಡಗಾಲು ತೋರಿಸಲು ಬಂದರು. ಪಾದದ ಮೇಲ್ಭಾಗದಲ್ಲಿ ಅಂಗೈ ಅಗಲದ ಒರಟು ಬೆಳವಣಿಗೆ, ಹೂಕೋಸು ಅಂಟಿಸಿದ ಹಾಗೆ. ಒಂಬತ್ತು ವರ್ಷ ಆಯಿತಂತೆ. “ನೋವು ಎಂತದೂ ಇಲ್ಲ ಡಾಕ್ಟ್ರೆ, ನಾಲ್ಕು ಜನರ ಎದುರು ಕಾಲು ಚಾಚ್ಲಿಕ್ಕೆ ನಾಚಿಕೆ” ಅಂದರು. ಮೊದಲು ಆಣಿ ಅಂತ ಮದ್ದು ಆಗಿತ್ತು, ಆಮೇಲೆ ನರಹುಲಿ ಅಂತ ಸುಟ್ಟಿದ್ದರು. ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿ, ಕ್ಷಯದಲ್ಲೂ ಕಾಣುವ ‘ಗ್ರಾನ್ಯುಲೋಮಾ’ ಅಂತ ಬಂದ ರಿಪೋರ್ಟ್ ನೋಡಿ, ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟಿದ್ದರು. ಕೊನೆಗೆ ಬೇಸತ್ತು ಅವರೇ ಮೈಲುತುತ್ತು ಉದುರಿಸುತ್ತಿದ್ದರು.

ಮೈಲುತುತ್ತಿನ ಬಗ್ಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಬೆಳೆದವರು ನಾವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆ ಉಳಿಸಿದ್ದು ಕಾಲನ್ನೂ ಉಳಿಸೀತು ಅನ್ನಿಸುವುದು ಸಹಜ. ಆದರೆ ಅದು ಮನುಷ್ಯರ ಚರ್ಮವನ್ನು ಸುಡುತ್ತದೆ, ಫಂಗಸ್ ಕುಳಿತ ಆಳಕ್ಕೆ ಮುಟ್ಟುವುದಿಲ್ಲ. ಮೇಲೆ ನೀಲಿ ಹಕ್ಕಳೆ ಕಟ್ಟಿ, ನಾವು ಹುಡುಕಬೇಕಾದ ಗುರುತನ್ನೇ ಮುಚ್ಚಿಬಿಡುತ್ತದೆ.

ಆ ಗುರುತು ಕಪ್ಪು ಚುಕ್ಕೆ. ಹಕ್ಕಳೆಯನ್ನು ಸಲೈನಿನಲ್ಲಿ ನೆನೆಸಿ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ಒರಟು ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು. ದೇಹ ಒಳಗಿನ ಫಂಗಸನ್ನು ಚರ್ಮದ ಮೂಲಕ ಹೊರಗೆ ದೂಡುವ ಜಾಗಗಳು ಅವು. ಬ್ಲೇಡಿನಿಂದ ಆ ಚುಕ್ಕೆಗಳನ್ನೇ ಹೆರೆದು ಗಾಜಿನ ಸ್ಲೈಡಿಗೆ ಹಾಕಿ, ಒಂದು ಹನಿ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಬಿಟ್ಟು, ಕವರ್ ಸ್ಲಿಪ್ ಮುಚ್ಚಿ ಇಪ್ಪತ್ತು ನಿಮಿಷ ಕಾದೆ. ಕೆಒಎಚ್ ಚರ್ಮದ ಚೂರನ್ನು ಕರಗಿಸುತ್ತದೆ, ಫಂಗಸ್ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವು ಕಂಡವು. ದಪ್ಪ ಗೋಡೆಯ ಕಂದು ಗುಂಡುಗಳು, ಎರಡು ನಾಲ್ಕು ಒಟ್ಟೊಟ್ಟಿಗೆ, ನಡುವೆ ಅಡ್ಡಗೋಡೆ. ಒಂದೊಂದೂ 5ರಿಂದ 12 ಮೈಕ್ರಾನ್, ಹೆಚ್ಚುಕಮ್ಮಿ ಕೆಂಪು ರಕ್ತಕಣದಷ್ಟು. ಪುಸ್ತಕದಲ್ಲಿ ಇವಕ್ಕೆ ಮೆಡ್ಲರ್ ಕಾಯಗಳು ಅನ್ನುತ್ತಾರೆ, ತಾಮ್ರದ ನಾಣ್ಯ ಅಂತಲೂ ಹೆಸರಿದೆ. ಅವರನ್ನೇ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದವರು, “ನಮ್ಮ ಬಚ್ಚಲಿನ ಹಂಡೆಯ ಬಣ್ಣ” ಅಂದರು.

ಅದು ಕ್ರೋಮೊಬ್ಲಾಸ್ಟೊಮೈಕೋಸಿಸ್ ಎಂಬ ಆಳದ ಫಂಗಸ್ ರೋಗ, ಚಿಕ್ಕದಾಗಿ ಕ್ರೋಮೊ. ಒಂಬತ್ತು ವರ್ಷ ಸಿಗದ ಉತ್ತರ ಸಿಕ್ಕಿದ್ದು ಒಂದು ಬ್ಲೇಡು, ಒಂದು ಹನಿ ಕೆಒಎಚ್‌ನಿಂದ. ಇದು ನನ್ನ ಹೆಚ್ಚುಗಾರಿಕೆ ಅಲ್ಲ. ಹೆರೆದು ನೋಡಿದವರಿಗೆಲ್ಲ ಕಾಣುತ್ತದೆ. ನೋಡಬೇಕು ಅಷ್ಟೆ.

ಇದನ್ನೇ ಹೋಲುವುದು ನರಹುಲಿ ರೂಪದ ಚರ್ಮದ ಕ್ಷಯ. ಕಣ್ಣಿನ ಅಂದಾಜಿನಿಂದ ಎರಡನ್ನು ಬೇರೆ ಮಾಡಲು ಹೋಗಬೇಡಿ, ನನಗೂ ಆಗುವುದಿಲ್ಲ. ಇನ್ನೊಂದು ಹೋಲಿಕೆ ಚರ್ಮದ ಕ್ಯಾನ್ಸರ್. ಹಳೆಯ ಕ್ರೋಮೊ ಗಾಯದೊಳಗೇ ಕ್ಯಾನ್ಸರ್ ಹುಟ್ಟುವುದೂ ಉಂಟು. ಒಂದು ಮೂಲೆ ಇದ್ದಕ್ಕಿದ್ದಂತೆ ಬೆಳೆದರೆ, ಹುಣ್ಣಾಗಿ ರಕ್ತ ಒಸರಿದರೆ, ಆ ಮೂಲೆಯಿಂದಲೇ ಮತ್ತೊಮ್ಮೆ ಬಯಾಪ್ಸಿ ತೆಗೆಯಬೇಕು.

ಪಾದ ಬಾತು, ತೂತು ಬಿದ್ದು, ಕಾಳು ಬರುತ್ತಿದ್ದರೆ

ಇದು ಮೈಸಿಟೋಮ. 1842ರಲ್ಲಿ ಮಧುರೈಯಲ್ಲಿದ್ದ ಡಾಕ್ಟರ್ ಗಿಲ್ ಇದನ್ನು ದಾಖಲಿಸಿದರು. ‘ಮಧುರಾ ಕಾಲು’ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಬಾವು, ಕೀವಿನ ತೂತುಗಳು, ಆ ಕೀವಲ್ಲಿ ರವೆಯಂಥ ಕಾಳು: ಮೂರೂ ಸೇರಿದರೆ ಅನುಮಾನವೇ ಬೇಡ.

ಆದರೆ ಒಂದು ಮುಖ್ಯ ಸಂಗತಿ. ಇದೇ ರೂಪವನ್ನು ಫಂಗಸೂ ತರುತ್ತದೆ, ಬ್ಯಾಕ್ಟೀರಿಯಾವೂ ತರುತ್ತದೆ. ಮದ್ದು ಪೂರ್ತಿ ಬೇರೆ. ಕಾಳಿನ ಬಣ್ಣ ದಾರಿ ತೋರುತ್ತದೆ. ಕಪ್ಪಾದರೆ ಫಂಗಸ್, ಕೆಂಪಾದರೆ ಬ್ಯಾಕ್ಟೀರಿಯಾ. ಬಿಳಿ, ಹಳದಿ ಆದರೆ ಎರಡರಲ್ಲಿ ಯಾವುದೂ ಇರಬಹುದು. ಕ್ಲಿನಿಕ್ಕಿಗೆ ಬಂದ ಹೊತ್ತಿಗೇ ಕಾಳು ಸಿಗಬೇಕೆಂದಿಲ್ಲ. ನಾನು ರಾತ್ರಿ ಸ್ವಚ್ಛ ಗಾಜ್ ಬಟ್ಟೆ ಕಟ್ಟಿ, ಬೆಳಿಗ್ಗೆ ಅದನ್ನು ಹಾಗೇ ತನ್ನಿ ಅನ್ನುತ್ತೇನೆ. ಬಟ್ಟೆಗೆ ಅಂಟಿದ ಕಾಳನ್ನು ಜಜ್ಜಿ ನೋಡಿದರೆ ಎಳೆ ದಪ್ಪವಿದೆಯೋ ಸಪೂರವೋ ತಿಳಿಯುತ್ತದೆ. ಫಂಗಸ್ ಎಳೆ 2ರಿಂದ 5 ಮೈಕ್ರಾನ್, ಬ್ಯಾಕ್ಟೀರಿಯಾದ್ದು 1 ಮೈಕ್ರಾನಿಗೂ ಸಪೂರ. ಮೂಳೆಗೆ ಇಳಿದಿದೆಯಾ ನೋಡಲು ಎಕ್ಸ್‌ರೇ ಬೇಕೇ ಬೇಕು, ಸಾಧ್ಯವಾದರೆ ಎಂಆರ್‌ಐ ಕೂಡ.

ಕ್ರೀಮ್ ಹಚ್ಚಿ ಹಚ್ಚಿ ಆಳಕ್ಕಿಳಿದ ಗಜಕರ್ಣ

ಅಂಗಡಿಯಿಂದ ತಂದ ಸ್ಟಿರಾಯ್ಡ್ ಬೆರೆತ ಟ್ಯೂಬ್ ತಿಂಗಳುಗಟ್ಟಲೆ ಹಚ್ಚಿದರೆ ತುರಿಕೆ ಅಡಗುತ್ತದೆ, ಫಂಗಸ್ ಕೂದಲಿನ ಬುಡ ಹಿಡಿದು ಒಳಗೆ ಇಳಿಯುತ್ತದೆ. ಹಳೆಯ ಗಜಕರ್ಣದ ಜಾಗದಲ್ಲಿ ಕೆಂಪು ಗಂಟುಗಳು ಏಳುತ್ತವೆ. ಕ್ರೀಮ್ ನಿಲ್ಲಿಸಬೇಕು, ನುಂಗುವ ಮದ್ದು ಕೆಲವು ವಾರ ಬೇಕು. ಮೇಲಿನ ರೋಗಗಳಷ್ಟು ಹಟಮಾರಿ ಅಲ್ಲ.

ಎರಡು ಬಾಟಲಿ

ಈಗ ಆ ಬಾಟಲಿಗಳ ವಿಷಯ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸ್ಟೆರೈಲ್ ಸಲೈನ್. ಫಾರ್ಮಲಿನ್ ಮಾಂಸದ ರೂಪವನ್ನು ಹಾಗೇ ಹಿಡಿದಿಡುತ್ತದೆ, ಆದರೆ ಅದರಲ್ಲಿ ಬದುಕಿರುವುದನ್ನೆಲ್ಲ ಕೊಲ್ಲುತ್ತದೆ. ಫಾರ್ಮಲಿನ್‌ಗೆ ಬಿದ್ದ ಚೂರಿನಿಂದ ಕಲ್ಚರ್ ಬೆಳೆಯುವುದೇ ಇಲ್ಲ. ಬೆಳೆಯಲಿಲ್ಲ ಅಂತ ಬಂದ ಆ ರಿಪೋರ್ಟಿಗೆ ಅರ್ಥವೂ ಇಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ. ಹೂಗಿಡ ಬೆಳೆಸುವ ಒಬ್ಬರು ಅಕ್ಕನ ಕೈಯಿಂದ ತೆಗೆದ ಚೂರನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟೆ. ಮೂರು ವಾರ ಕಳೆದು ಅವರನ್ನು ಮತ್ತೆ ಕರೆಸಿ, ಮತ್ತೆ ಕುಯ್ಯಬೇಕಾಯಿತು. ಆ ದಿನ ಅವರು ಒಂದು ಮಾತೂ ಆಡಲಿಲ್ಲ, ಕೈ ಮುಂದೆ ಚಾಚಿದರು. ಅಂದಿನಿಂದ ನನ್ನ ಟ್ರೇಯಲ್ಲಿ ಬ್ಲೇಡಿಗಿಂತ ಮೊದಲು ಎರಡು ಬಾಟಲಿ ಬಂದು ಕೂರುತ್ತವೆ.

ಚೂರು ಆಳವಾಗಿ ಬರಬೇಕು. ಮೇಲಿನ ಹಕ್ಕಳೆ ಸಾಲದು. ಫಾರ್ಮಲಿನ್ ಬಾಟಲಿಯ ಚೀಟಿಯಲ್ಲಿ ‘ಆಳದ ಫಂಗಸ್ ಅನುಮಾನ’ ಅಂತ ಬರೆಯಿರಿ. ಹಾಗೆ ಬರೆದರೆ ಪೆಥಾಲಜಿಸ್ಟ್ ಫಂಗಸ್ ಎದ್ದು ಕಾಣುವ ಪಿಎಎಸ್, ಸಿಲ್ವರ್ ಬಣ್ಣ ಹಾಕಿ ಹುಡುಕುತ್ತಾರೆ, ಕ್ಷಯಕ್ಕೆ ಬೇರೆ ಬಣ್ಣ ಹಾಕುತ್ತಾರೆ. ಸಲೈನ್ ಬಾಟಲಿ ಆ ದಿನವೇ ಲ್ಯಾಬಿಗೆ ಮುಟ್ಟಬೇಕು. ನಮ್ಮಲ್ಲಿಂದ ಹೆಚ್ಚಾಗಿ ಮಂಗಳೂರಿನ ಬಸ್ಸಿಗೆ. ಫಂಗಸ್ ಕಲ್ಚರ್ ಜೊತೆ ಕ್ಷಯದ ಕಲ್ಚರ್ ಕೂಡ ಕೇಳಿ. ಫಂಗಸ್ ಟ್ಯೂಬನ್ನು ನಾಲ್ಕರಿಂದ ಆರು ವಾರ ಇಡಲು ಹೇಳಿ. ಕ್ರೋಮೊ ತರುವ ಫಂಗಸ್ ನಿಧಾನಿ. ವಾರಕ್ಕೇ ಟ್ಯೂಬ್ ಬಿಸಾಡಿದರೆ ಅದು ಸಿಗುವುದಿಲ್ಲ.

ರಿಪೋರ್ಟಿನಲ್ಲಿ ‘ಗ್ರಾನ್ಯುಲೋಮಾ’ ಅಂತ ಕಂಡರೆ ಅಲ್ಲಿಗೆ ನಿಲ್ಲಬೇಡಿ. ದೇಹ ಏನನ್ನೋ ಸುತ್ತುಗಟ್ಟಿ ಹಿಡಿದಿದೆ ಅಂತ ಮಾತ್ರ ಅದರ ಅರ್ಥ. ಹಿಡಿದಿದ್ದು ಕ್ಷಯವೋ, ಫಂಗಸೋ, ಒಳಗೆ ಉಳಿದ ಮುಳ್ಳಿನ ಚೂರೋ ಅಂತ ಅದು ಹೇಳುವುದಿಲ್ಲ.

ಮದ್ದು

ಅಂಗಡಿಯಲ್ಲಿ ಕೇಳಿ ತಂದು ಸುಮ್ನೆ ನುಂಗುವ ಮದ್ದುಗಳಲ್ಲ ಇವು. ಎಷ್ಟು ಕಾಲ ಬೇಕಾದೀತು ಅಂತ ಮನೆಯವರಿಗೂ ಗೊತ್ತಿರಲಿ ಅಂತ ಪ್ರಮಾಣ ಬರೆಯುತ್ತಿದ್ದೇನೆ.

ಸ್ಪೊರೊಟ್ರಿಕೋಸಿಸ್‌ಗೆ ಇಟ್ರಾಕೊನಜೋಲ್ ಎಂಬ ಫಂಗಸ್ ಮದ್ದು, ಸಾಮಾನ್ಯವಾಗಿ ದಿನಕ್ಕೆ 200 ಮಿಲಿಗ್ರಾಂ. ಗಂಟು ಪೂರ್ತಿ ಹೋದ ಮೇಲೂ 2ರಿಂದ 4 ವಾರ ಮುಂದುವರಿಸಬೇಕು. ಒಟ್ಟು ಮೂರರಿಂದ ಆರು ತಿಂಗಳು. ಕೈಗೆ ದುಡ್ಡಿಲ್ಲದವರಿಗೆ ಪೊಟ್ಯಾಸಿಯಂ ಅಯೋಡೈಡ್ ಹನಿಗಳು ಇಂದಿಗೂ ಒಳ್ಳೆಯ ಮದ್ದು. ಐದೈದು ಹನಿ ದಿನಕ್ಕೆ ಮೂರು ಸಲದಿಂದ ಶುರು ಮಾಡಿ ಮೆಲ್ಲ ಏರಿಸುತ್ತಾರೆ. ಬಾಯಿ ಲೋಹದ ರುಚಿ ಆಗುತ್ತದೆ. ಥೈರಾಯ್ಡ್ ತೊಂದರೆ ಇದ್ದವರಿಗೆ, ಬಸುರಿಯರಿಗೆ ಕೊಡಬಾರದು.

ಕ್ರೋಮೊಗೆ ಇಟ್ರಾಕೊನಜೋಲ್ 200ರಿಂದ 400 ಮಿಲಿಗ್ರಾಂ, ಕೆಲವರಿಗೆ ಜೊತೆಗೆ ಟರ್ಬಿನಾಫಿನ್. ಆರು ತಿಂಗಳಿಂದ ವರ್ಷ, ಅದಕ್ಕಿಂತ ಜಾಸ್ತಿಯೂ ಆಗಬಹುದು. ಮೊದಲ ದಿನವೇ ಇದನ್ನು ಹೇಳಿಬಿಡಬೇಕು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ಒಳ್ಳೆಯ ಜೊತೆ. ಗಾಯ ಸಣ್ಣದಿದ್ದರೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಪೂರ್ತಿ ಕತ್ತರಿಸಿ ತೆಗೆಯಬಹುದು. ಕೆರೆದು ತೆಗೆಯುವುದು, ಕರೆಂಟಿನಿಂದ ಸುಡುವುದು ಬೇಡ. ಅದರಿಂದ ಹರಡಬಹುದು.

ಮೈಸಿಟೋಮ ಬ್ಯಾಕ್ಟೀರಿಯಾದ್ದಾದರೆ ಆ್ಯಂಟಿಬಯೋಟಿಕ್‌ಗಳಾದ ಕೋಟ್ರೈಮೊಕ್ಸಜೋಲ್, ಅಮಿಕಾಸಿನ್‌ನಂಥವುಗಳಿಗೆ ಚೆನ್ನಾಗಿ ಬಗ್ಗುತ್ತದೆ. ಫಂಗಸ್‌ನದ್ದಾದರೆ ದೀರ್ಘಕಾಲದ ಇಟ್ರಾಕೊನಜೋಲ್ ಜೊತೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೂ ಬೇಕು. ತಡ ಮಾಡಿದವರು ಪಾದವನ್ನೇ ಕಳೆದುಕೊಂಡದ್ದುಂಟು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮೈಸಿಟೋಮವನ್ನು, 2017ರಲ್ಲಿ ಕ್ರೋಮೊ ಮತ್ತು ಇತರ ಆಳದ ಫಂಗಸ್ ರೋಗಗಳನ್ನು ಜಗತ್ತು ಕಡೆಗಣಿಸಿದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಬರಿಗಾಲಿನ ಬಡವರ ರೋಗಗಳಿವು, ಪಟ್ಟಿ ಸೇರಲು ಅಷ್ಟು ವರ್ಷ ಬೇಕಾಯಿತು.

ಮದ್ದು ನಡೆಯುತ್ತಿದ್ದರೂ ಗುಣ ಕಾಣದಿದ್ದರೆ

ಎರಡು ತಿಂಗಳಾದರೂ ಬದಲಾವಣೆ ಇಲ್ಲ. ರೋಗದ ಹೆಸರೇ ತಪ್ಪಿತ್ತಾ ಅಂತ ಚಿಂತಿಸುವ ಮೊದಲು, ಮದ್ದು ರಕ್ತಕ್ಕೆ ಸೇರುತ್ತಿದೆಯಾ ನೋಡಿ.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಹುಳಿ ಬೇಕು. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ನಮ್ಮಲ್ಲಿ ಮನೆಗೊಬ್ಬರು. ಅದು ಹುಳಿಯನ್ನೇ ತೆಗೆಯುತ್ತದೆ, ಕ್ಯಾಪ್ಸೂಲ್ ಸುಮ್ನೆ ದಾಟಿ ಹೋಗುತ್ತದೆ. “ಬೇರೆ ಗುಳಿಗೆ ಎಂತ ತಗೊಳ್ತೀರಿ?” ಅಂತ ಕೇಳಿದರೆ ಇದು ಲೆಕ್ಕಕ್ಕೇ ಬರುವುದಿಲ್ಲ, ಅದನ್ನು ಮದ್ದು ಅಂತ ಯಾರೂ ಅಂದುಕೊಂಡಿಲ್ಲ. ಚೀಲ ತಂದು ಮೇಜಿನ ಮೇಲೆ ಸುರಿಯಲು ಹೇಳಿ.

ಆಮೇಲೆ ರಿಫಾಂಪಿಸಿನ್. ಇದು ಕ್ಷಯದ ಮದ್ದು. ‘ಎರಡರಲ್ಲಿ ಒಂದಾದರೂ ನಾಟಲಿ’ ಅಂತ ಕ್ಷಯದ ಮದ್ದನ್ನೂ ಇಟ್ರಾಕೊನಜೋಲನ್ನೂ ಒಟ್ಟಿಗೆ ಕೊಟ್ಟದ್ದನ್ನು ನೋಡಿದ್ದೇನೆ. ರಿಫಾಂಪಿಸಿನ್ ಲಿವರನ್ನು ಎಬ್ಬಿಸಿ ಇಟ್ರಾಕೊನಜೋಲನ್ನು ಬಂದ ಹಾಗೇ ಒಡೆದು ಹಾಕುತ್ತದೆ. ರಕ್ತದಲ್ಲಿ ಏನೂ ಉಳಿಯುವುದಿಲ್ಲ. ಆಗ ಫಂಗಸ್ ಮದ್ದು ಫಲಿಸಲಿಲ್ಲ, ಹಾಗಾದರೆ ಕ್ಷಯವೇ ಇರಬೇಕು ಅಂತ ತೀರ್ಮಾನಿಸುತ್ತಾರೆ. ಎರಡು ಸಲ ತಪ್ಪು.

ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಕೆಲವು ಇದರ ಜೊತೆ ಕೂಡುವುದಿಲ್ಲ, ಸ್ನಾಯು ಹಾಳಾಗುತ್ತದೆ. ಹೃದಯ ಸೋತವರಿಗೆ ಇಟ್ರಾಕೊನಜೋಲ್ ಕೊಡಬಾರದು. ನಡುವೆ ಕಾಲು ಊದಿಕೊಂಡರೆ, ಮೆಟ್ಟಿಲಲ್ಲಿ ಏದುಸಿರು ಬಂದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಬನ್ನಿ. ಲಿವರ್ ಪರೀಕ್ಷೆ ಶುರುವಿನಲ್ಲಿ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ನಾನು ಮಾಡಿಸುತ್ತೇನೆ.

ಇನ್ನೊಂದು ತೊಂದರೆ ನಮ್ಮ ಗಡಿ ಊರಿನದ್ದೇ. ಮದ್ದಿನ ಪಟ್ಟಿ ಇಂಗ್ಲಿಷಿನಲ್ಲಿ, ಹೇಗೆ ನುಂಗಬೇಕೆಂಬ ಚೀಟಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಎರಡೂ ಓದಲು ಬರುವುದಿಲ್ಲ, ಕೇಳಲು ಸಂಕೋಚ. ನಾನು ಕನ್ನಡದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ: ‘ಮಧ್ಯಾಹ್ನ ಊಟ ಆದ ಕೂಡಲೇ ಒಂದು. ರಾತ್ರಿ ಊಟ ಆದ ಕೂಡಲೇ ಒಂದು. ಗ್ಯಾಸಿನ ಮಾತ್ರೆ ಬೇಡ. ಗಾಯ ಒಣಗಿದರೂ ನಿಲ್ಲಿಸಬೇಡಿ.’

ಪೆರ್ಲದವರ ಕಾಲು ನಾಲ್ಕು ತಿಂಗಳಿಗೆ ಚಪ್ಪಟೆಯಾಯಿತು. ಅವರಿಗೆ ಆಗಲೇ ಮದ್ದು ಸಾಕೆನಿಸಿತ್ತು, ನಾನು ಬಿಡಲಿಲ್ಲ. ಹದಿನಾಲ್ಕು ತಿಂಗಳು ನಡೆಯಿತು. ನಿಲ್ಲಿಸುವ ಮೊದಲು ತಿಂಗಳಿಗೊಮ್ಮೆಯಂತೆ ಮೂರು ಸಲ ಹೆರೆದು ನೋಡಿದೆ, ಕಂದು ಗುಂಡು ಒಂದೂ ಇರಲಿಲ್ಲ. ಬಯಾಪ್ಸಿಯಲ್ಲೂ ಇರಲಿಲ್ಲ. ಈಗ ಅಲ್ಲಿ ತೆಳು ಬಿಳಿ ಕಲೆ ಇದೆ. ಇದು ಮರುಕಳಿಸುವ ರೋಗವಾದ್ದರಿಂದ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ. ಕಳೆದ ಸಲ ಬಂದಾಗ ಮೊಣಕಾಲುದ್ದದ ಗಂಬೂಟು ಹಾಕಿದ್ದರು. ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಬಂದು ಕಾಲು ಮುಂದೆ ಚಾಚಿದರು.